ಕಂಪ್ಯೂಟರ್ ಡಬ್ಬಕ್ಕೂ ಹಿತ್ತಲ ಬಾಗಿಲು ಬೇಕು

ನಮ್ಮ ಶಾಲೆಯ ಕಂಪ್ಯೂಟರ್ ಆನ್ ಮಾಡಿದರೆ ಹಿಟ್ಟಿನ ಗಿರಣಿ ಶುರುವಾಯಿತೇನೋ ಅನ್ನಿಸುತ್ತಿತ್ತು, ನಿಮಗೆಲ್ಲ ಗೊತ್ತೇ ಇದೆ. ಶಿವರಾತ್ರಿ ಕಳೆದ ಮೇಲಂತೂ ಬರೀ ಸದ್ದಲ್ಲ, ಅರ್ಧ ಗಂಟೆ ಓಡಿದ ಮೇಲೆ ತಾನಾಗಿಯೇ ಆಫ್ ಆಗಿಬಿಡುತ್ತಿತ್ತು. ಆರು ಮತ್ತು ಏಳನೇ ತರಗತಿಯ 43 ಮಂದಿಗೆ ಇರುವುದು ಇದೊಂದೇ. "ಇದರ ಆಯಸ್ಸು ಮುಗೀತು, ಬಟ್ಟೆ ಸುತ್ತಿ ಮೂಲೆಗಿಡಿ" ಎಂದು ಹೆಡ್ ಮೇಷ್ಟ್ರು ಹೇಳಿದ್ದರು. ಮೂಲೆಗಿಟ್ಟಿದ್ದರೆ ನಮ್ಮ ಬುಧವಾರದ ಕಂಪ್ಯೂಟರ್ ಪೀರಿಯಡ್ ಕೂಡ ಹೋಗುತ್ತಿತ್ತು. ಅದಕ್ಕೇ ವಿಜ್ಞಾನದ ಟೀಚರ್ ಅವರನ್ನು ಕೇಳಿ ಒಂದು ವಾರ ಗಡುವು ತೆಗೆದುಕೊಟ್ಟರು. ತಾಲ್ಲೂಕಿನಲ್ಲಿ ರಿಪೇರಿ ಅಂಗಡಿ ಇಟ್ಟಿರುವ ನಮ್ಮ ಸೋದರಮಾವ ಬಂದರು. ಅವರು ಬಿಚ್ಚಿದರು, ನಾನು ಟಾರ್ಚ್ ಹಿಡಿದು ನಿಂತು ಪ್ರಶ್ನೆ ಕೇಳಿದೆ. ಹಾಗೆ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಒಂದು ಮಾತು. ನಾವೆಲ್ಲ ಇಡೀ ಡಬ್ಬಕ್ಕೇ ಸಿ.ಪಿ.ಯು. ಅನ್ನುತ್ತೇವೆ. ನಿಜವಾದ ಸಿ.ಪಿ.ಯು. ಅಂದರೆ ಒಳಗಿರುವ ಪ್ರೊಸೆಸರ್ ಎಂಬ ಚಪ್ಪಟೆ ಬಿಲ್ಲೆ. ಅದು ಬೆಂಕಿಪೊಟ್ಟಣಕ್ಕಿಂತ ಚಿಕ್ಕದು. ಸಾಧಾರಣ ಡೆಸ್ಕ್‌ಟಾಪ್ ಪ್ರೊಸೆಸರ್ ಜೋರು ಕೆಲಸದಲ್ಲಿದ್ದಾಗ ಸುಮಾರು 65 ವ್ಯಾಟ್ ವಿದ್ಯುತ್ ಎಳೆಯುತ್ತದೆ. ಆ ವಿದ್ಯುತ್ತು ಬೆಳಕಾಗುವುದಿಲ್ಲ, ಚಕ್ರ ತಿರುಗಿಸುವುದಿಲ್ಲ, ಹೆಚ್ಚುಕಡಿಮೆ ಎಲ್ಲವೂ ಶಾಖವೇ ಆಗುತ್ತದೆ. ಹಳೇ ಹಳದಿ ಬೆಳಕಿನ 60 ವ್ಯಾಟ್ ಬಲ್ಬು ಎಷ್ಟು ಸುಡುತ್ತಿತ್ತೆಂದು ಮನೆಯಲ್ಲಿ ದೊಡ್ಡವರನ್ನು ಕೇಳಿ. ಅಷ್ಟು ಶಾಖ ಅಷ್ಟು ಚಿಕ್ಕ ಜಾಗದಲ್ಲಿ! ಮೊದಲಿನಿಂದಲೂ ಹೀಗಿರಲಿಲ್ಲ. 1993ರಲ್ಲಿ ಬಂದ ಮೊದಲ ಪೆಂಟಿಯಂ ಸುಮಾರು 15 ವ್ಯಾಟಿನದು. 2004ರ ಹೊತ್ತಿಗೆ ಪೆಂಟಿಯಂ 4ರ ಕೆಲವು ಮಾದರಿಗಳು 115 ವ್ಯಾಟಿಗೆ ಏರಿದ್ದವು. 2006ರಲ್ಲಿ ಬಂದ ಕೋರ್ 2 ಡ್ಯುಯೋ ಮತ್ತೆ 65ಕ್ಕೆ ಇಳಿಸಿತು.

ಈ ಶಾಖವನ್ನು ಹೊರಲು ಪ್ರೊಸೆಸರ್ ತಲೆಯ ಮೇಲೆ ಅಲ್ಯೂಮಿನಿಯಂನ ಹೀಟ್ ಸಿಂಕ್ ಕೂತಿರುತ್ತದೆ. ನೋಡಲು ಬಾಚಣಿಗೆಗಳನ್ನು ಸಾಲಾಗಿ ಜೋಡಿಸಿದ ಹಾಗೆ. ಹಲ್ಲು ಹಲ್ಲಾಗಿ ಯಾಕೆ ಮಾಡಿದ್ದಾರೆ ಅಂದರೆ, ಗಾಳಿ ತಾಗುವ ಮೈ ಜಾಸ್ತಿಯಾಗಲಿ ಅಂತ. ಅದರ ಮೇಲೊಂದು ಫ್ಯಾನ್. ಪ್ರೊಸೆಸರ್ ಒಳಗೇ ಉಷ್ಣತೆ ಅಳೆಯುವ ವ್ಯವಸ್ಥೆ ಇದೆ. ಬಿಸಿ ಏರಿದಷ್ಟೂ ಬೋರ್ಡು ಫ್ಯಾನನ್ನು ಜೋರಾಗಿ ತಿರುಗಿಸುತ್ತದೆ. ಸಾಲದಿದ್ದರೆ ಪ್ರೊಸೆಸರ್ ತನ್ನ ವೇಗ ತಾನೇ ಇಳಿಸಿಕೊಳ್ಳುತ್ತದೆ. ಆಗಲೇ ನಾವು ಮೌಸ್ ಒತ್ತಿ ಒತ್ತಿ ಬೈಯುವುದು. ಅದೂ ಸಾಲದೆ 100 ಡಿಗ್ರಿಯ ಆಸುಪಾಸಿಗೆ ಹೋದರೆ ಸುಟ್ಟುಹೋಗಬಾರದೆಂದು ಪೂರ್ತಿ ಆಫ್. ಎಲ್ಲರೂ "ಫ್ಯಾನ್ ಕೆಟ್ಟಿದೆ" ಅನ್ನುತ್ತಿದ್ದರಲ್ಲ, ಅದು ಕೆಟ್ಟಿರಲಿಲ್ಲ. ಉಸಿರು ಕಟ್ಟಿ ಕೂಗುತ್ತಿತ್ತು.

ಉಸಿರು ಯಾಕೆ ಕಟ್ಟಿತು? ಒಳಗಿನ ಫ್ಯಾನ್ ಡಬ್ಬದೊಳಗಿನ ಗಾಳಿಯನ್ನೇ ಊದುತ್ತದೆ. ಆ ಗಾಳಿಯೇ ಬಿಸಿಯಾಗಿದ್ದರೆ ಎಷ್ಟು ಊದಿ ಏನು ಬಂತು? ಬಾಗಿಲು ಹಾಕಿದ ಅಡುಗೆಮನೆಯಲ್ಲಿ ಒಲೆ ಮುಂದೆ ಕೂತು ಬೀಸಣಿಗೆ ಬೀಸಿಕೊಂಡ ಹಾಗೆ. ನಮ್ಮ ಹಂಚಿನ ಮನೆಗಳಲ್ಲಿ ಮುಂಬಾಗಿಲು, ಹಿತ್ತಲ ಬಾಗಿಲು ಎರಡೂ ತೆಗೆದರೆ ಮಾತ್ರ ನಡುಮನೆಯಲ್ಲಿ ಗಾಳಿ ಆಡುತ್ತದೆ. ಒಂದನ್ನೇ ತೆಗೆದರೆ ಇಲ್ಲ. ಡಬ್ಬದ ವಿಷಯವೂ ಅಷ್ಟೇ. ಮುಂದೆ ಕೆಳಗಿನಿಂದ ತಣ್ಣನೆ ಗಾಳಿ ಬರಬೇಕು, ಹಿಂದೆ ಮೇಲಿನಿಂದ ಬಿಸಿಗಾಳಿ ಹೋಗಬೇಕು.

ಮಾವ ಒಂದು ಲೆಕ್ಕ ಹೇಳಿಕೊಟ್ಟರು. ಡಬ್ಬದಲ್ಲಿ ಒಟ್ಟು 100 ವ್ಯಾಟ್ ಶಾಖ ಹುಟ್ಟುತ್ತಿದೆ ಅಂದುಕೊಳ್ಳಿ. ಸೆಕೆಂಡಿಗೆ 10 ಲೀಟರ್ ಗಾಳಿ, ಅಂದರೆ ಒಂದು ಸಣ್ಣ ಬಕೆಟ್‌ನಷ್ಟು, ಹಾದುಹೋದರೆ ಆ ಗಾಳಿ ಸುಮಾರು 8 ಡಿಗ್ರಿ ಬಿಸಿಯಾಗುತ್ತದೆ. ಗಾಳಿ ಅರ್ಧವಾದರೆ 16 ಡಿಗ್ರಿ. ಕೋಣೆಯಲ್ಲಿ 36 ಡಿಗ್ರಿ ಇದ್ದರೆ ಡಬ್ಬದ ಗಾಳಿ 52 ಆಯಿತು! ಫ್ಯಾನ್ ಎಂದಿಗೂ ಕೋಣೆಗಿಂತ ತಂಪು ಮಾಡಲಾರದು, ಕೋಣೆಯ ಮಟ್ಟಕ್ಕೆ ಹತ್ತಿರ ತರುತ್ತದೆ ಅಷ್ಟೇ. ಬೇಸಿಗೆಯಲ್ಲಿ ಮಾತ್ರ ಆಫ್ ಆಗುತ್ತಿದ್ದುದು ಇದಕ್ಕೇ.

ಇನ್ನು ಡಬ್ಬ ಬಿಚ್ಚಿದಾಗ ಕಂಡದ್ದು. ಹೀಟ್ ಸಿಂಕಿನ ಹಲ್ಲುಗಳ ನಡುವೆ ಬೆಳ್ಳಗೆ ಕಂಬಳಿಯಂತೆ ಧೂಳು. ಅದರಲ್ಲಿ ಅರ್ಧ ಸೀಮೆಸುಣ್ಣದ ಪುಡಿ, ಯಾಕೆಂದರೆ ಡಬ್ಬ ಇದ್ದದ್ದು ಕಪ್ಪುಹಲಗೆಯ ಕೆಳಗೆ. ಹಿಂದಿನ ಜಾಲರಿಯಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿ ನಾಲ್ಕಾರು ತೂತು ಮುಚ್ಚಿತ್ತು. ಹಲ್ಲಿ ಹಿಕ್ಕೆಯ ವಿಷಯ ಬರೆಯುವುದಿಲ್ಲ. ಎಲ್ಲಕ್ಕಿಂತ ದೊಡ್ಡದು ಇನ್ನೊಂದು. ಹಿಂಭಾಗದ ಫ್ಯಾನನ್ನು ಹಿಂದೆ ಯಾರೋ ರಿಪೇರಿಯವರು ಉಲ್ಟಾ ಕೂರಿಸಿ ಹೋಗಿದ್ದರು. ಮೇಲಿರುವ ಎಸ್.ಎಂ.ಪಿ.ಎಸ್. ಬಿಸಿಗಾಳಿಯನ್ನು ಹೊರಗೆ ಊದುತ್ತಿತ್ತು, ಅದರ ಕೆಳಗಿನ ಈ ಫ್ಯಾನ್ ಅದನ್ನೇ ಮತ್ತೆ ಒಳಗೆ ಎಳೆದುಕೊಳ್ಳುತ್ತಿತ್ತು. ಹಿಂದೆ ನಾಲ್ಕು ಬೆರಳು ದೂರದಲ್ಲೇ ಗೋಡೆ, ಗಾಳಿ ಬೇರೆಲ್ಲೂ ಹೋಗುವಂತಿರಲಿಲ್ಲ. ಒಂದೇ ನೀರಲ್ಲಿ ಎಲ್ಲರೂ ಕೈ ತೊಳೆದ ಹಾಗಾಯಿತು. ಫ್ಯಾನ್ ಯಾವ ಕಡೆ ಊದುತ್ತದೆಂದು ತಿಳಿಯುವುದು ಸುಲಭ. ಚೌಕಟ್ಟಿನ ಮೇಲೆ ಬಾಣದ ಗುರುತಿದ್ದರೆ ಸರಿ, ಇಲ್ಲದಿದ್ದರೆ ಮೋಟಾರನ್ನು ಹಿಡಿದಿರುವ ಅಡ್ಡಪಟ್ಟಿ ಮತ್ತು ಸ್ಟಿಕ್ಕರ್ ಇರುವ ಕಡೆಯಿಂದ ಗಾಳಿ ಹೊರಬರುತ್ತದೆ.

ಧೂಳು ತೆಗೆಯುವಾಗ ಪ್ಲಗ್ ಕಿತ್ತು, ಡಬ್ಬವನ್ನು ಜಗುಲಿಗೆ ತಂದು, ಒಣ ಬಣ್ಣದ ಬ್ರಷ್ ಮತ್ತು ಸೈಕಲ್ ಪಂಪ್ ಬಳಸಿದೆವು. ಒದ್ದೆ ಬಟ್ಟೆ ಬೇಡವೇ ಬೇಡ. ಬಾಯಿಂದ ಊದಬಾರದು, ಎಂಜಲು ಸಿಡಿಯುತ್ತದೆ. ಊದುವಾಗ ಫ್ಯಾನಿನ ರೆಕ್ಕೆಗೆ ಪೆನ್ಸಿಲ್ ಅಡ್ಡ ಕೊಡಬೇಕು. ಇಲ್ಲದಿದ್ದರೆ ಅದು ಗಾಳಿಗೆ ಬರ್ರನೆ ತಿರುಗಿ ಬೇರಿಂಗ್ ಹಾಳಾಗಬಹುದು, ಸಣ್ಣ ಡೈನಮೋ ಥರ ವಿದ್ಯುತ್ ಹುಟ್ಟಿಸಿ ಬೋರ್ಡಿಗೆ ಕಳಿಸಲೂಬಹುದು. ಹೀಟ್ ಸಿಂಕಿನ ಕೆಳಗಿನ ಪೇಸ್ಟು ಒಣಗಿ ಪುಡಿಯಾಗಿತ್ತು. ಅದನ್ನು ಒರೆಸಿ ಮಾವ ಹೊಸದನ್ನು ಬಟಾಣಿ ಕಾಳಿನಷ್ಟು ಇಟ್ಟರು. ಎರಡು ಲೋಹಗಳ ನಡುವೆ ಕಣ್ಣಿಗೆ ಕಾಣದ ಸಂದುಗಳಲ್ಲಿ ಗಾಳಿ ನಿಲ್ಲದಂತೆ ತುಂಬುವುದು ಅದರ ಕೆಲಸ. ಜಾಸ್ತಿ ಮೆತ್ತಿದರೆ ಪ್ರಯೋಜನ ಕಮ್ಮಿ. ಕೊನೆಗೆ ವೈರುಗಳನ್ನು ಗಾಳಿಯ ದಾರಿಯಿಂದ ಸರಿಸಿ ಪಕ್ಕಕ್ಕೆ ಕಟ್ಟಿದೆವು, ಹಿಂದಿನ ಫ್ಯಾನನ್ನು ತಿರುಗಿಸಿ ಕೂರಿಸಿದೆವು.

ಈಗ ಸದ್ದಿನ ಲೆಕ್ಕ. ನನಗೆ ತುಂಬಾ ಹಿಡಿಸಿದ್ದು ಇದೇ. ಫ್ಯಾನಿನ ವೇಗ ಅರ್ಧ ಮಾಡಿದರೆ ಗಾಳಿ ಅರ್ಧವಾಗುತ್ತದೆ, ಆದರೆ ಸದ್ದು ಸುಮಾರು 15 ಡೆಸಿಬೆಲ್ ಇಳಿಯುತ್ತದೆ. 10 ಡೆಸಿಬೆಲ್ ಇಳಿದರೇ ಕಿವಿಗೆ ಸದ್ದು ಅರ್ಧವಾದಂತೆ ಕೇಳಿಸುತ್ತದೆ. ಒಂದೇ ಥರದ ಎರಡು ಫ್ಯಾನ್ ಸೇರಿದರೆ ಏರುವುದು 3 ಡೆಸಿಬೆಲ್ ಮಾತ್ರ. ಹಾಗಾಗಿ ಒಂದು ಫ್ಯಾನ್ ಜೋರಾಗಿ ತಿರುಗುವ ಬದಲು ಎರಡು ಫ್ಯಾನ್ ಅರ್ಧ ವೇಗದಲ್ಲಿ ತಿರುಗಿದರೆ ಗಾಳಿ ಅಷ್ಟೇ, ಸದ್ದು 12 ಡೆಸಿಬೆಲ್ ಕಮ್ಮಿ! ದೊಡ್ಡ ಫ್ಯಾನ್ ಆದರೆ ಇನ್ನೂ ಒಳ್ಳೆಯದು. 80 ಮಿಲಿಮೀಟರ್ ಫ್ಯಾನಿಗಿಂತ 120 ಮಿಲಿಮೀಟರ್ ಫ್ಯಾನಿನ ವಿಸ್ತೀರ್ಣ ಎರಡೂ ಕಾಲು ಪಟ್ಟು. ಅದು ನಿಧಾನ ತಿರುಗಿಯೂ ಅಷ್ಟೇ ಗಾಳಿ ತಳ್ಳುತ್ತದೆ. ನಮ್ಮ ಡಬ್ಬದ ಮುಂದೆ 120ರ ಜಾಗ ಖಾಲಿ ಇತ್ತು. ಮಾವ ಅಂಗಡಿಯಲ್ಲಿದ್ದ ಹಳೆಯದೊಂದನ್ನು ತಂದು ಹಾಕಿದರು. ಬಿಚ್ಚುವ ಮೊದಲು ಬಯಾಸ್ ಪರದೆಯಲ್ಲಿ 84 ಡಿಗ್ರಿ ಇದ್ದದ್ದು ಎಲ್ಲ ಮುಗಿದ ಮೇಲೆ 57 ಆಯಿತು. ಹೆಡ್ ಮೇಷ್ಟ್ರು ಕನ್ನಡಕ ಹಾಕಿಕೊಂಡು ಬಂದು ಎರಡು ಸಲ ನೋಡಿದರು, ಏನೂ ಹೇಳಲಿಲ್ಲ. ಬುಧವಾರದ ಪೀರಿಯಡ್ ಉಳಿಯಿತು.

ಎಲ್ಲ ಸದ್ದೂ ಗಾಳಿಯದ್ದಲ್ಲ. ಗರ್ ಎಂಬ ಸದ್ದು ತಗಡಿನದು. ಡಬ್ಬ ಮೇಜಿನ ಮೇಲಿದ್ದರೆ ಫ್ಯಾನಿನ ನಡುಕ ಮೇಜಿಗೆ ಇಳಿದು ಮೇಜೇ ತಮಟೆಯಾಗುತ್ತದೆ. ಹಳೇ ಸೈಕಲ್ ಟ್ಯೂಬಿನ ನಾಲ್ಕು ಚೂರು ಮಡಚಿ ಪಾದದ ಕೆಳಗಿಟ್ಟೆವು, ಸಡಿಲವಾಗಿದ್ದ ಸ್ಕ್ರೂ ಬಿಗಿ ಮಾಡಿದೆವು. ಖರ್ಚು ಸೊನ್ನೆ.

ಕೆಲವರು ಪಕ್ಕದ ತಗಡು ತೆಗೆದಿಟ್ಟರೆ ಸಾಕಲ್ಲ ಎಂದು ಕೇಳಿದರು. ಪ್ರೊಸೆಸರ್ ಸ್ವಲ್ಪ ತಂಪಾಗಬಹುದು. ಆದರೆ ಮುಂದಿನಿಂದ ಹಿಂದಕ್ಕೆ ಹೋಗುವ ಗಾಳಿಯ ದಾರಿ ಮುರಿದು ಉಳಿದ ಭಾಗಗಳಿಗೆ ಗಾಳಿ ತಾಗುವುದಿಲ್ಲ, ಸದ್ದು ನೇರ ಕಿವಿಗೇ ಬರುತ್ತದೆ, ಹಲ್ಲಿಗೂ ಅನುಕೂಲ. ಹಾಗೇ ಹೂವಿನ ಬಟ್ಟೆಯ ಹೊದಿಕೆಯನ್ನು ಆಫ್ ಮಾಡಿ ಡಬ್ಬ ಆರಿದ ಮೇಲೆ ಹೊದಿಸಿ. ಓಡುತ್ತಿರುವಾಗ ಹೊದಿಸಿದರೆ ಜ್ವರ ಬಂದವನಿಗೆ ಕಂಬಳಿ ಹೊದಿಸಿ ಬಿಸಿಲಲ್ಲಿ ಕೂರಿಸಿದಂತೆ. ಎಸ್.ಎಂ.ಪಿ.ಎಸ್. ಡಬ್ಬಿಯನ್ನು ಮಾತ್ರ ಯಾರೂ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಅದರ ಕೆಪಾಸಿಟರ್‌ಗಳಲ್ಲಿ ಅಪಾಯಕರ ವಿದ್ಯುತ್ ಉಳಿದಿರುತ್ತದೆ.

ಗಾಳಿ ಸರಿಯಾಗಿ ಹೋಗುತ್ತಿದೆಯೇ ಎಂದು ನೋಡಬೇಕಿದ್ದರೆ ಟೀಚರ್ ಎದುರಿಗೆ ಒಂದು ಊದಿನಕಡ್ಡಿ ಹಚ್ಚಿ ಮುಂದಿನ ತೂತುಗಳ ಹತ್ತಿರ ಹಿಡಿಯಿರಿ. ಹೊಗೆ ಬಾಗಿ ಒಳಗೆ ಹೋಗಬೇಕು. ಹಿಂದೆ ಕಾಗದದ ಚೂರು ಹಿಡಿದರೆ ಅದು ಹೊರಗೆ ಹಾರಬೇಕು, ಜಾಲರಿಗೆ ಅಂಟಿದರೆ ಫ್ಯಾನ್ ಉಲ್ಟಾ ಇದೆ ಎಂದರ್ಥ. ನಮ್ಮದರಲ್ಲಿ ಈಗ ಹಾರುತ್ತದೆ. ಎಸ್.ಎಂ.ಪಿ.ಎಸ್. ಫ್ಯಾನಿನ ಕಿರಕಿರ ಮಾತ್ರ ಇನ್ನೂ ಇದೆ, ಅದನ್ನು ಮಾವ ಸಂತೆಯ ದಿನ ಬಂದಾಗ ನೋಡುತ್ತಾರಂತೆ.