ಈಜುಡುಪನ್ನು ಮನೆಯಲ್ಲೇ ಹೊಲಿಯುವ ವಿಚಾರ

ಈಜು ಕಲಿಯಲು ಏನೇನು ಬೇಕೆಂದು ಕೇಳಿದರೆ ನೀರು, ಗುರು, ಧೈರ್ಯ ಎಂಬ ಮೂರನ್ನು ಯಾರಾದರೂ ಹೇಳಿಯಾರು. ನಾಲ್ಕನೆಯದಾದ ಉಡುಪನ್ನು ನೆನೆಯುವವರು ವಿರಳ. ಆದರೆ ನಮ್ಮ ನಗರಗಳಲ್ಲಿ ಕೊಳದ ದಡದವರೆಗೆ ಬಂದು ಹಿಂತಿರುಗುವ ಹೆಣ್ಣುಮಕ್ಕಳು ಅನೇಕರು ಹಾಗೆ ಹಿಂತಿರುಗುವುದು ಈ ನಾಲ್ಕನೆಯದರ ದೆಸೆಯಿಂದಲೇ. ಸೀರೆಯಾಗಲಿ ಲಂಗವಾಗಲಿ ನೀರು ಕುಡಿದೊಡನೆ ಕಾಲಿಗೆ ಸುತ್ತಿಕೊಂಡು, ಒದೆಯಬೇಕಾದ ಕಾಲನ್ನೇ ಕಟ್ಟಿಹಾಕುತ್ತದೆ. ಅಂಗಡಿಯಲ್ಲಿ ದೊರೆಯುವ ಉಡುಪಾದರೋ ಒಂದು ಸರಾಸರಿ ಮೈಕಟ್ಟಿಗೆ ಕತ್ತರಿಸಿದ್ದು. ಆ ಸರಾಸರಿಗೆ ಸೇರದವರಿಗೆ ಅದು ಹೆಗಲಲ್ಲಿ ಕೊಯ್ಯುತ್ತದೆ, ಇಲ್ಲವೆ ಎದೆಯಲ್ಲಿ ಜೋಲುತ್ತದೆ.

ನಮ್ಮ ಮನೆಯಲ್ಲಿಯೇ ಹೀಗಾಯಿತು. ಹದಿನಾಲ್ಕು ವರ್ಷದ ಹುಡುಗಿ, ವಯಸ್ಸಿಗೆ ಮೀರಿ ಎತ್ತರ. ಬೇಸಿಗೆಯ ಈಜು ತರಗತಿಗೆ ಸೇರಿಸಿದೆವು. ಮೂರು ದಿನ ಹೋದಳು. ನಾಲ್ಕನೆಯ ದಿನ ಹೊಟ್ಟೆನೋವೆಂದಳು. ಐದನೆಯ ದಿನ ತಲೆನೋವೆಂದಳು. ನೀರಿಗೆ ಹೆದರಿದಳೆಂದೇ ನಾವು ಭಾವಿಸಿ ಎರಡು ಬುದ್ಧಿಮಾತುಗಳನ್ನೂ ಹೇಳಿಬಿಟ್ಟೆವು. ಆಮೇಲೆ ಅವಳ ಅಜ್ಜಿ ತಲೆಗೆ ಎಣ್ಣೆ ಹಚ್ಚುವಾಗ ಎರಡು ಹೆಗಲುಗಳ ಮೇಲೂ ಕೆಂಪಗೆ ಬರೆ ಎದ್ದಿರುವುದನ್ನು ಕಂಡರು. ಉಡುಪು ಸುತ್ತಳತೆಗೆ ಸರಿಯಾಗಿತ್ತು, ಉದ್ದಕ್ಕೆ ಸಾಲದಾಗಿತ್ತು. ಕೈ ಎತ್ತಿದಾಗಲೆಲ್ಲ ಅದು ಕೆಳಗಿನಿಂದ ಮೇಲಕ್ಕೆ ಎಳೆಯುತ್ತಿತ್ತು. ಹುಡುಗಿ ಅದನ್ನು ಬಾಯಿಬಿಟ್ಟು ಹೇಳಲು ನಾಚಿದ್ದಳು. ಒಂದು ಅಳತೆ ದೊಡ್ಡದನ್ನು ತಂದರೆ ಎದೆಯಲ್ಲಿ ಸಡಿಲವಾಯಿತು. ಆಗ ನಾವು ಹೊಲಿಗೆ ಯಂತ್ರದ ಮುಂದೆ ಕುಳಿತೆವು. ಅಂದು ಕಲಿತುದನ್ನೇ ಈಗ ನಿವೇದಿಸುತ್ತೇವೆ. ಕೇಳುವವರು ಒಂದು ಪೆನ್ಸಿಲನ್ನು ಹತ್ತಿರವಿಟ್ಟುಕೊಂಡರೆ ಲೆಕ್ಕಗಳನ್ನು ಗುರುತು ಹಾಕಿಕೊಳ್ಳಬಹುದು.

ಮೊದಲು ಬಟ್ಟೆಯ ಸಂಗತಿ. ಒಲಿಂಪಿಕ್ ಕ್ರೀಡೆಗಳಲ್ಲಿ ಸ್ತ್ರೀಯರ ಈಜು ಮೊದಲು ಸೇರಿದ್ದು 1912ರಲ್ಲಿ, ಸ್ಟಾಕ್‌ಹೋಮಿನಲ್ಲಿ. ಆಸ್ಟ್ರೇಲಿಯದ ಫ್ಯಾನಿ ಡ್ಯುರಾಕ್ ಆಗ 100 ಮೀಟರಿನ ಪಂದ್ಯವನ್ನು ಗೆದ್ದಳು. ಅದೇ ದೇಶದ ಆನೆಟ್ ಕೆಲರ್ಮನ್ ಎಂಬಾಕೆ, ಲಂಗ ನಿಲುವಂಗಿಗಳ ಭಾರವನ್ನು ಬಿಟ್ಟು ಒಂದೇ ತುಂಡಿನ ಉಡುಪಿನಲ್ಲಿ ಈಜುವುದನ್ನು ಲೋಕಕ್ಕೆ ರೂಢಿಮಾಡಿಸಿದವರಲ್ಲಿ ಮುಖ್ಯಳು. ಆದರೂ ಉಣ್ಣೆಯಲ್ಲಿ ಹೆಣೆದ ಅಂದಿನ ಉಡುಪುಗಳು ನೆನೆದರೆ ಭಾರವಾಗಿ ಜೋತುಬೀಳುತ್ತಿದ್ದುವು. ಅಮೆರಿಕದ ಡ್ಯುಪಾಂಟ್ ಸಂಸ್ಥೆಯ ಪ್ರಯೋಗಶಾಲೆಯಲ್ಲಿ 1935ರಲ್ಲಿ ನೈಲಾನು, 1958ರಲ್ಲಿ ಸ್ಪ್ಯಾಂಡೆಕ್ಸ್ ಎಂಬ ಹಿಗ್ಗುವ ಎಳೆ ಸಿದ್ಧವಾದ ತರುವಾಯ ಈ ತೊಂದರೆ ನೀಗಿತು. ಇಂದಿನ ಈಜುಬಟ್ಟೆಯಲ್ಲಿ ಸಾಮಾನ್ಯವಾಗಿ ನೂರಕ್ಕೆ ಎಂಬತ್ತರಷ್ಟು ನೈಲಾನು, ಇಪ್ಪತ್ತರಷ್ಟು ಸ್ಪ್ಯಾಂಡೆಕ್ಸ್ ಇರುತ್ತವೆ. ನೈಲಾನು ಬಲ ಕೊಡುತ್ತದೆ. ಸ್ಪ್ಯಾಂಡೆಕ್ಸ್ ಹಿಗ್ಗಿ ಮತ್ತೆ ಮೊದಲಿನ ಸ್ಥಿತಿಗೆ ಬರುವ ಗುಣ ಕೊಡುತ್ತದೆ.

ಅಂಗಡಿಯಲ್ಲಿ ಬಟ್ಟೆಯನ್ನು ಕೊಳ್ಳುವಾಗ ಒಂದು ಪರೀಕ್ಷೆಯನ್ನು ಮಾಡತಕ್ಕದ್ದು. ಅಡ್ಡಕ್ಕೆ 4 ಅಂಗುಲವನ್ನು ಹಿಡಿದು ಎಳೆದರೆ ಅದು ಆಯಾಸವಿಲ್ಲದೆ 6 ಅಂಗುಲಕ್ಕೆ ಬರಬೇಕು. ಬಿಟ್ಟೊಡನೆ ನಾಲ್ಕಕ್ಕೇ ಹಿಂತಿರುಗಬೇಕು. ಉದ್ದಕ್ಕೂ ಸಾಕಷ್ಟು ಹಿಗ್ಗಬೇಕು. ಹಿಗ್ಗಿ ಹಿಂತಿರುಗದ ಬಟ್ಟೆ ನೀರಿನಲ್ಲಿ ಚೀಲವಾಗುತ್ತದೆ. ತಿಳಿಬಣ್ಣದ ಬಟ್ಟೆಯಾದರೆ ಒಂದು ತುಂಡನ್ನು ನೆನೆಸಿ ಅಂಗೈಯ ಮೇಲೆ ಎಳೆದು ಹಿಡಿದು ನೋಡಬೇಕು. ಗೆರೆಗಳು ಕಂಡರೆ ಒಳಪದರವಿಲ್ಲದೆ ಅದನ್ನು ಉಡಲಾಗದು.

ಇನ್ನು ಅಳತೆ. ರವಿಕೆಯನ್ನು ಹೊಲಿಯಬಲ್ಲವರೆಲ್ಲರೂ ಇಲ್ಲಿ ಎಡವುವುದು ಸಹಜ. ರವಿಕೆಯನ್ನು ಮೈಯ ಅಳತೆಗಿಂತ ತುಸು ಸಡಿಲವಾಗಿ ಕತ್ತರಿಸುತ್ತೇವೆ. ಈಜುಡುಪನ್ನು ಮೈಗಿಂತ ಚಿಕ್ಕದಾಗಿ ಕತ್ತರಿಸಬೇಕು. ಬಟ್ಟೆ ಹಿಗ್ಗಿಯೇ ಮೈಗೆ ಕೂರಬೇಕು. ಎದೆ, ಸೊಂಟ, ನಿತಂಬ ಈ ಮೂರು ಸುತ್ತಳತೆಗಳಲ್ಲಿ ನೂರಕ್ಕೆ ಹತ್ತರಂತೆ ಕಳೆಯುವುದು ಯುಕ್ತ. ಎದೆಯ ಸುತ್ತು 32 ಅಂಗುಲವಿದ್ದರೆ ಉಡುಪಿನ ಸುತ್ತು ಸುಮಾರು 29. ಕಾಗದದ ಮೇಲೆ ಬರೆಯುವ ಕಾಲುಭಾಗ ಏಳೂ ಕಾಲು ಅಂಗುಲ. ಬಟ್ಟೆ ಹೆಚ್ಚು ಹಿಗ್ಗುವ ದಿಕ್ಕು ಮೈಯನ್ನು ಸುತ್ತುವರಿಯುವಂತೆ ಕಾಗದವನ್ನು ಇಡಬೇಕು.

ಎಲ್ಲಕ್ಕಿಂತ ಮುಖ್ಯವಾದುದು ನಾಲ್ಕನೆಯ ಅಳತೆ. ಟೇಪನ್ನು ಹೆಗಲ ನಡುವಿನಿಂದ ಆರಂಭಿಸಿ, ಎದೆಯ ಮೇಲಿಂದ ಇಳಿಸಿ, ಕಾಲುಗಳ ನಡುವೆ ಹಾಯಿಸಿ, ಬೆನ್ನಿನ ಮೇಲೆ ಏರಿಸಿ ಮತ್ತೆ ಅದೇ ಹೆಗಲಿಗೆ ತರಬೇಕು. ಅಂಗಡಿಯ ಉಡುಪು ಸೋಲುವುದು ಹೆಚ್ಚಾಗಿ ಈ ಸುತ್ತಿನಲ್ಲಿ. ನಮ್ಮ ಹುಡುಗಿಗೆ ಅದು 58 ಅಂಗುಲ ಬಂದಿತು. ಉದ್ದಕ್ಕೆ ಕಡಿಮೆ ಕಳೆಯಬೇಕಾದ್ದರಿಂದ ನೂರಕ್ಕೆ ಐದರಂತೆ ಹಿಡಿದು 55 ಎಂದು ಗೊತ್ತುಮಾಡಿದೆವು. ಹಳೆಯ ಉಡುಪಿನ ಹೊಲಿಗೆಗಳನ್ನು ಬಿಚ್ಚಿ, ತುಂಡುಗಳನ್ನು ಕಾಗದದ ಮೇಲೆ ಹರಡಿ ಗೆರೆ ಎಳೆದು ಅಳೆದಾಗ ಸುತ್ತು 52 ಇತ್ತು. ಮೂರು ಅಂಗುಲದ ಕೊರತೆ! ಕಾಗದವನ್ನು ಸೊಂಟದ ಗೆರೆಯಲ್ಲಿ ಅಡ್ಡಕ್ಕೆ ಕತ್ತರಿಸಿ ಮುಂಭಾಗದಲ್ಲಿ ಒಂದೂವರೆ, ಹಿಂಭಾಗದಲ್ಲಿ ಒಂದೂವರೆ ಅಂಗುಲದ ಪಟ್ಟಿಗಳನ್ನು ಅಂಟಿಸಿದೆವು. ಅಷ್ಟರಿಂದಲೇ ಹೊಸ ನಕ್ಷೆ ಸಿದ್ಧವಾಯಿತು. ಹಳೆಯ ಉಡುಪುಳ್ಳವರು ಹೊಸದಾಗಿ ನಕ್ಷೆ ಬರೆಯುವ ಶ್ರಮವನ್ನು ಪಡಬೇಕಾಗಿಲ್ಲ.

ಮನೆಯ ಹೊಲಿಗೆಯ ಇನ್ನೊಂದು ಅನುಕೂಲವನ್ನೂ ಇಲ್ಲಿಯೇ ಹೇಳಬೇಕು. ತೋಳು ಮೊಣಕೈವರೆಗೆ ಬರಲಿ, ಕಾಲು ಅರ್ಧ ತೊಡೆಯವರೆಗೆ ಇಳಿಯಲಿ, ಬೆನ್ನು ಪೂರ್ತಿ ಮುಚ್ಚಿರಲಿ ಎಂದು ಬಯಸುವವರು ಹಾಗೆಯೇ ಕತ್ತರಿಸಿಕೊಳ್ಳಬಹುದು. ಈಜುಬಟ್ಟೆಯೇ ಆಗಿದ್ದು ಮೈಗೆ ಅಂಟಿರುವವರೆಗೆ ಉಡುಪಿನ ಉದ್ದ ಕಲಿಯುವವರಿಗೆ ಅಡ್ಡಿಯಲ್ಲ. ಎಷ್ಟು ಮುಚ್ಚಬೇಕೆಂಬುದನ್ನು ಉಡುವವರೇ ನಿಶ್ಚಯಿಸುವುದು ನ್ಯಾಯ.

ಹೊಲಿಗೆಯಲ್ಲಿ ನಾವು ಮೊದಲ ಸಲ ಸೋತೆವೆಂಬುದನ್ನು ಮುಚ್ಚಿಡುವುದಿಲ್ಲ. ರವಿಕೆಗೆ ಹಾಕುವ ಹತ್ತಿಯ ದಾರದಿಂದ, ನೇರವಾದ ಹೊಲಿಗೆಯನ್ನೇ ಹಾಕಿ, ಬಲು ಅಚ್ಚುಕಟ್ಟಾಗಿದೆಯೆಂದು ಸಂತೋಷಪಟ್ಟೆವು. ಹುಡುಗಿ ಅದನ್ನು ಸೊಂಟದವರೆಗೆ ಏರಿಸುವಷ್ಟರಲ್ಲಿ ಪಕ್ಕದ ಹೊಲಿಗೆ ಪಟಪಟನೆ ಹರಿಯಿತು. ಬಟ್ಟೆ ಹಿಗ್ಗಿತು, ದಾರ ಹಿಗ್ಗಲಿಲ್ಲ, ಇದೇ ಕಾರಣ. ಇದಕ್ಕೆ ಪರಿಹಾರ ಅಂಕುಡೊಂಕು ಹೊಲಿಗೆ. ಘಟ್ಟದ ರಸ್ತೆ ಸುತ್ತಿ ಸುತ್ತಿ ಹೋಗುವುದರಿಂದ ಎರಡು ಊರುಗಳ ನೇರ ದೂರಕ್ಕಿಂತ ಉದ್ದವಾಗಿರುತ್ತದಲ್ಲವೆ? ಹಾಗೆಯೇ ಅಂಕುಡೊಂಕಾದ ದಾರದಲ್ಲಿ ಹೆಚ್ಚಿನ ಉದ್ದ ಅಡಗಿರುತ್ತದೆ. ಬಟ್ಟೆಯನ್ನು ಎಳೆದಾಗ ಅದು ಬಿಚ್ಚಿಕೊಂಡು ಜತೆಗೇ ಹಿಗ್ಗುತ್ತದೆ. ಹೊಲಿಗೆಯ ಅಗಲ ಒಂದೂವರೆ ಮಿಲಿಮೀಟರು, ಉದ್ದ ಎರಡೂವರೆ ಮಿಲಿಮೀಟರು ಇದ್ದರೆ ಸಾಕು. ದಾರ ಪಾಲಿಯೆಸ್ಟರಿನದಾಗಿರಲಿ. ಸೂಜಿ ಹಿಗ್ಗುವ ಬಟ್ಟೆಗೆಂದೇ ಮಾಡಿದ 11ನೆಯ ನಂಬರಿನದಾಗಿರಲಿ. ಅದರ ತುದಿ ತುಸು ಗುಂಡಗಿರುವುದರಿಂದ ಎಳೆಗಳನ್ನು ಕತ್ತರಿಸದೆ ಪಕ್ಕಕ್ಕೆ ಸರಿಸಿ ಇಳಿಯುತ್ತದೆ.

ನೇರ ಹೊಲಿಗೆಯನ್ನಷ್ಟೇ ಬಲ್ಲ ಕಾಲ್ತುಳಿ ಯಂತ್ರವಿರುವ ಮನೆಗಳೂ ಬಹಳ. ಅವರು ನಿರಾಶರಾಗಬೇಕಾಗಿಲ್ಲ. ಬಟ್ಟೆಯನ್ನು ಸೂಜಿಯ ಮುಂದೆ ಒಂದು ಕೈಯಿಂದ, ಹಿಂದೆ ಇನ್ನೊಂದು ಕೈಯಿಂದ ಹಿಡಿದು, ತುಸುವೇ ಎಳೆದುಕೊಂಡು ಸಣ್ಣ ಹೊಲಿಗೆ ಹಾಕಿ, ಅದರ ಪಕ್ಕದಲ್ಲಿಯೇ ಎರಡನೆಯ ಸಾಲನ್ನೂ ಹಾಕಬೇಕು. ಕೈ ಬಿಟ್ಟಾಗ ಬಟ್ಟೆಯೊಡನೆ ದಾರವೂ ಸಡಿಲವಾಗಿ ಕೂರುತ್ತದೆ.

ಕ್ರಮ ಹೀಗೆ: ಒಳಪದರವನ್ನು ಮುಂಭಾಗದ ಆಕಾರದಲ್ಲಿಯೇ ಕತ್ತರಿಸಿ, ಅಂಚುಗಳಲ್ಲಿ ಕಚ್ಚಾ ಹೊಲಿಗೆ ಹಾಕಿ ಎರಡನ್ನೂ ಒಂದಾಗಿಸುವುದು, ಆಮೇಲೆ ಕಾಲುಗಳ ನಡುವಿನ ಭಾಗ, ಪಕ್ಕಗಳು, ಹೆಗಲುಗಳು, ಕೊನೆಗೆ ಎಲಾಸ್ಟಿಕ್ ಪಟ್ಟಿ. ಕ್ಲೋರಿನಿಗೆ ತಾಳುವ, ಕಾಲಂಗುಲದಿಂದ ಮೂರೆಂಟಾಂಶ ಅಂಗುಲ ಅಗಲದ ಪಟ್ಟಿ ಒಳ್ಳೆಯದು. ಕತ್ತಿನ ಸುತ್ತಿಗೆ ಪಟ್ಟಿ ತುಸು ಗಿಡ್ಡವಾಗಿರಬೇಕು. ತೊಡೆಯ ಸುತ್ತಿನಲ್ಲಿ ಮುಂಭಾಗಕ್ಕೆ ಎಳೆಯದೆ, ಹಿಂಭಾಗಕ್ಕೆ ಮಾತ್ರ ಎಳೆದು ಹೊಲಿಯಬೇಕು. ಮುಂದೆ ಎಳೆದರೆ ತೊಡೆಯ ಸಂದಿಯನ್ನು ಕೊಯ್ಯುತ್ತದೆ, ಹಿಂದೆ ಎಳೆಯದಿದ್ದರೆ ಉಡುಪು ಮೇಲಕ್ಕೆ ಸರಿಯುತ್ತದೆ. ಪಟ್ಟಿಯನ್ನು ಒಳಮಗ್ಗುಲಿಗೆ ಅಂಚಿಗೆ ಸರಿಯಾಗಿ ಹೊಲಿದು, ಒಮ್ಮೆ ಒಳಕ್ಕೆ ಮಡಿಸಿ, ಮತ್ತೆ ಅಂಕುಡೊಂಕು ಹೊಲಿಗೆ ಹಾಕಿದರೆ ಅಂಚು ಮುಗಿಯಿತು. ಆ ಹೊಲಿಗೆಯಿಲ್ಲದ ಯಂತ್ರದವರು ಈ ಒಂದು ಕೆಲಸವನ್ನು ಅಡ್ಡಡ್ಡ ದಾಟುವ ಕೈಹೊಲಿಗೆಯಿಂದ ಪೂರೈಸಬಹುದು.

ಸಿದ್ಧವಾದ ಉಡುಪನ್ನು ನೇರವಾಗಿ ಕೊಳಕ್ಕೆ ಒಯ್ಯಬಾರದು. ಮನೆಯಲ್ಲಿ ತೊಟ್ಟು, ಎರಡು ಕೈಗಳನ್ನೂ ಎತ್ತಿ, ಕುಕ್ಕುರುಗಾಲಿನಲ್ಲಿ ಕುಳಿತು, ಬಗ್ಗಿ ನೋಡಬೇಕು. ಬಳಿಕ ಬಚ್ಚಲಿನಲ್ಲಿ ಎರಡು ತಂಬಿಗೆ ನೀರು ಹೊಯ್ದುಕೊಂಡು ಅದನ್ನೇ ಮತ್ತೊಮ್ಮೆ ಮಾಡಬೇಕು. ಒದ್ದೆಯಾದಾಗ ಬಟ್ಟೆ ತುಸು ಸಡಿಲವಾಗುವುದರಿಂದ, ಒಣಗಿದ್ದಾಗ ಸ್ವಲ್ಪ ಬಿಗಿಯೆನಿಸಿದ್ದೇ ನೀರಿನಲ್ಲಿ ಸರಿಯಾಗುತ್ತದೆ. ಕೊಳದಿಂದ ಬಂದ ಕೂಡಲೇ ಸಿಹಿನೀರಿನಲ್ಲಿ ಜಾಲಿಸಿ, ಹಿಂಡದೆ, ಒತ್ತಿ ನೀರು ತೆಗೆದು, ನೆರಳಿನಲ್ಲಿ ಒಣಗಿಸಬೇಕು. ಕ್ಲೋರಿನೂ ಬಿಸಿಲೂ ಸ್ಪ್ಯಾಂಡೆಕ್ಸಿನ ಶತ್ರುಗಳು. ಇಸ್ತ್ರಿಪೆಟ್ಟಿಗೆಯ ಮಾತನ್ನು ಆಡುವುದೇ ಬೇಡ.

1959ರಲ್ಲಿ ಬಂಗಾಳದ ಆರತಿ ಸಾಹಾ ಇಂಗ್ಲಿಷ್ ಕಾಲುವೆಯನ್ನು ಈಜಿ ದಾಟಿದಳು. ಏಷ್ಯದ ಸ್ತ್ರೀಯರಲ್ಲಿ ಅವಳೇ ಮೊದಲಿಗಳು. 2000ದಲ್ಲಿ ನಮ್ಮ ಬೆಂಗಳೂರಿನ ನಿಶಾ ಮಿಲೆಟ್ ಸಿಡ್ನಿಯ ಒಲಿಂಪಿಕ್ಕಿನಲ್ಲಿ ಈಜಿದಳು. ಎಲ್ಲ ಹುಡುಗಿಯರೂ ಅಷ್ಟು ದೂರ ಹೋಗಬೇಕೆಂದಿಲ್ಲ. ಕೆರೆ ಕಾಲುವೆ ಸಮುದ್ರಗಳುಳ್ಳ ನಾಡಿನಲ್ಲಿ, ಕಾಲು ಜಾರಿದ ದಿನ ತಮ್ಮ ಪ್ರಾಣವನ್ನು ತಾವು ಉಳಿಸಿಕೊಳ್ಳುವಷ್ಟು ಬಂದರೆ ಸಾಕು. ಅದಕ್ಕೆ ಒಂದೂವರೆ ಗಜ ಬಟ್ಟೆ ಅಡ್ಡಿಯಾಗಕೂಡದು.

ನಮ್ಮ ಹುಡುಗಿ ಎರಡನೆಯ ಉಡುಪನ್ನು ತೊಟ್ಟು ಕೊಳಕ್ಕೆ ಹೋದಳು. ಅಂದು ಸಂಜೆ ಹೆಗಲನ್ನು ನೋಡಿದೆವು, ಬರೆಯಿರಲಿಲ್ಲ. ಆ ಬೇಸಿಗೆ ಮುಗಿಯುವ ಹೊತ್ತಿಗೆ ಕೊಳದ ಈ ದಡದಿಂದ ಆ ದಡಕ್ಕೆ ಈಜತೊಡಗಿದ್ದಳು. ಹೊಟ್ಟೆನೋವೂ ತಲೆನೋವೂ ಮತ್ತೆ ಬರಲಿಲ್ಲ.