ರೇಶನ್ ಕಾಲದ ಅಜ್ಜಿ, ರಾತ್ರಿ ಉಳಿದ ಬಿರಿಯಾನಿ

ನಿಮ್ಮ ಮನೆಯಲ್ಲೂ ಇಂಥವರೊಬ್ಬರು ಇದ್ದಿರಬಹುದು. ಬಟ್ಟಲಿಗೆ ಅಂಟಿದ ಅಗುಳನ್ನೂ ಬಿಡದವರು, ಬ್ರೆಡ್ಡಿನ ಚೀಲವನ್ನು ತೊಳೆದು ಒಣಗಿಸಿ ಮಡಚಿಡುವವರು, ನಿನ್ನೆಯ ಸಾರನ್ನು ಚೆಲ್ಲಲು ಹೋದರೆ ಕೈ ಹಿಡಿದು ನಿಲ್ಲಿಸುವವರು. ಫಳ್ನೀರಿನ ನಮ್ಮ ಮನೆಯಲ್ಲಿ ಅದು ಉಮ್ಮನ ಉಮ್ಮ. ಮಕ್ಕಳಾದ ನಾವು ಮರೆಯಲ್ಲಿ ಅವರನ್ನು ಜಿಪುಣಿ ಎಂದು ನಗುತ್ತಿದ್ದೆವು. ಅವರ ಬಾಲ್ಯ ಹೇಗಿತ್ತೆಂದು ತಿಳಿದ ಮೇಲೆ ಆ ನಗು ನಿಂತಿತು.

1942ರ ಮಾರ್ಚ್‌ನಲ್ಲಿ ರಂಗೂನ್ ನಗರ ಜಪಾನಿನ ವಶವಾಯಿತು. ಹಡಗಿನಲ್ಲಿ ನಮ್ಮ ದೇಶಕ್ಕೆ ಬರುತ್ತಿದ್ದ ಬರ್ಮಾ ಅಕ್ಕಿ ನಿಂತುಹೋಯಿತು. ಮರುವರ್ಷ ಬಂಗಾಳದಲ್ಲಿ ಲಕ್ಷಾಂತರ ಜನ ಹಸಿವಿನಿಂದಲೂ ಅದರ ಹಿಂದೆ ಬಂದ ರೋಗಗಳಿಂದಲೂ ಸತ್ತರು. ಮಂಗಳೂರು ಆಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಅಕ್ಕಿ, ಸಕ್ಕರೆ, ಸೀಮೆಎಣ್ಣೆ, ಬಟ್ಟೆ ಎಲ್ಲಕ್ಕೂ ಕಂಟ್ರೋಲ್ ಬಂತು. ಯುದ್ಧ ಮುಗಿದರೂ ಕಷ್ಟ ಮುಗಿಯಲಿಲ್ಲ. 1946ರಲ್ಲಿ ದೊಡ್ಡವರೊಬ್ಬರ ದಿನದ ಧಾನ್ಯವನ್ನು 12 ಔನ್ಸಿಗೆ, ಅಂದರೆ ಸುಮಾರು 340 ಗ್ರಾಮಿಗೆ ಇಳಿಸಿದರು. ಮದ್ರಾಸ್ ರಾಜ್ಯದಲ್ಲಿ ರಾಜಾಜಿ ಆಹಾರ ನಿಯಂತ್ರಣವನ್ನು ತೆಗೆದದ್ದು 1952ರಲ್ಲಿ.

ಅಜ್ಜಿಗೆ ಆಗ ಒಂಬತ್ತೋ ಹತ್ತೋ ವರ್ಷ. ಸುಬ್‌ಹಿ ನಮಾಝ್ ಮುಗಿಯುತ್ತಲೇ ಬಟ್ಟೆ ಚೀಲ, ಕಾರ್ಡು ಹಿಡಿದು ತಮ್ಮನೊಂದಿಗೆ ಸಾಲಿನಲ್ಲಿ ನಿಲ್ಲುವುದು ಅವರ ಪಾಲಿನ ಕೆಲಸ. ಸಿಕ್ಕಿದ ಅಕ್ಕಿಯನ್ನು ಜಗಲಿಯಲ್ಲಿ ಹರಡಿ ಕಲ್ಲು, ಹುಳ ಆರಿಸುವುದಕ್ಕೆ ಇನ್ನರ್ಧ ದಿನ. ಒಮ್ಮೊಮ್ಮೆ ಅಕ್ಕಿಯ ಬದಲು ಗೋಧಿ ಕೊಡುತ್ತಿದ್ದರಂತೆ. ಚಪಾತಿ ಮಾಡಿ ಗೊತ್ತಿಲ್ಲದ ಮನೆ, ಅದನ್ನೇ ಕುಟ್ಟಿ ಗಂಜಿ ಬೇಯಿಸಿದರು. ಸೀಮೆಎಣ್ಣೆ ಉಳಿಸಲು ಮಗ್ರಿಬ್‌ಗೆ ಮೊದಲೇ ರಾತ್ರಿಯ ಊಟ. ಮಳೆಗಾಲದಲ್ಲಿ ಹಲಸಿನ ಬೀಜ, ಮರಗೆಣಸು, ಕೆಸುವಿನ ಎಲೆ. ಬೂತಾಯಿ ಅಗ್ಗಕ್ಕೆ ಸಿಕ್ಕ ದಿನ ಮನೆಯಲ್ಲಿ ಹಬ್ಬ.

ಅಜ್ಜಿಗೆ ಆ ಕಾಲದ್ದೊಂದು ದೂರು ಕೊನೆಯವರೆಗೂ ಇತ್ತು: “ಕುಚ್ಚಲಕ್ಕಿ ಕೊಡದೆ ಬೆಳ್ತಿಗೆ ಕೊಟ್ಟರು, ತಿಂದರೆ ಹೊಟ್ಟೆಗೇ ತಾಗುತ್ತಿರಲಿಲ್ಲ.” ಅದು ಬರೀ ನಾಲಗೆಯ ಚಪಲವೆಂದು ತಳ್ಳಿಹಾಕಬೇಡಿ. ಭತ್ತವನ್ನು ಬೇಯಿಸಿ ಒಣಗಿಸುವಾಗ ತೌಡಿನಲ್ಲಿರುವ ಬಿ1 ಜೀವಸತ್ವ ಕಾಳಿನ ಒಳಗೆ ಇಳಿಯುತ್ತದೆ. ಆಮೇಲೆ ಪಾಲಿಶ್ ಮಾಡಿದರೂ ಸಾಕಷ್ಟು ಉಳಿಯುತ್ತದೆ. ಬೆಳ್ತಿಗೆಯನ್ನು ಪಾಲಿಶ್ ಮಾಡಿದರೆ ಬಹುಪಾಲು ತೌಡಿನ ಜೊತೆ ಹೋಗುತ್ತದೆ. ಪಾಲಿಶ್ ಬೆಳ್ತಿಗೆಯನ್ನೇ ನಂಬಿದ ಊರುಗಳಲ್ಲಿ ಬೆರಿಬೆರಿ ಕಾಣಿಸಿಕೊಳ್ಳುವುದು ಇದರಿಂದಲೇ ಎಂಬುದನ್ನು ಕೂನೂರಿನ ಪೋಷಣಾ ಪ್ರಯೋಗಾಲಯದಲ್ಲಿ ಡಾ. ಅಕ್ರಾಯ್ಡ್ ಮತ್ತು ಅವರ ಸಂಗಡಿಗರು ಆ ವರ್ಷಗಳಲ್ಲೇ ವಿವರಿಸಿದ್ದರು. ನೀವು ಅಕ್ಕಿಯನ್ನು ಐದಾರು ಸಲ ಉಜ್ಜಿ ತೊಳೆಯುವವರಾದರೆ ಎರಡು ಸಲಕ್ಕೆ ನಿಲ್ಲಿಸಿ. ಗಂಜಿಯ ತೆಳಿಯನ್ನು ಮೋರಿಗೆ ಬಸಿಯಬೇಡಿ, ಉಪ್ಪು ಹಾಕಿ ಕುಡಿಯಿರಿ. ಆದರೆ ಮುಗ್ಗಿದ, ಬೂಷ್ಟು ಹಿಡಿದ ಅಕ್ಕಿಯನ್ನು ಎಷ್ಟು ತೊಳೆದರೂ ಪ್ರಯೋಜನವಿಲ್ಲ. ಬೂಷ್ಟಿನ ವಿಷ ಬೇಯಿಸಿದರೂ ಪೂರ್ತಿ ಹೋಗುವುದಿಲ್ಲ. ಅಜ್ಜಿಯ ಮನೆಯವರಿಗೆ ಬೇರೆ ದಾರಿ ಇರಲಿಲ್ಲ, ನಮಗಿದೆ.

ಇನ್ನು ಬಿರಿಯಾನಿಯ ವಿಷಯ. ಏಳೆಂಟು ವರ್ಷಗಳ ಹಿಂದೆ ನಮ್ಮಲ್ಲೊಂದು ನಿಕಾಹ್ ಇತ್ತು. ಮಧ್ಯಾಹ್ನದ ಬಿರಿಯಾನಿ ದೊಡ್ಡ ಪಾತ್ರೆಯಲ್ಲಿ ಅರ್ಧದಷ್ಟು ಉಳಿಯಿತು. ಮೇ ತಿಂಗಳ ಸೆಖೆ. ಯಾರೋ ಚೆಲ್ಲೋಣ ಎಂದರು, ಅಜ್ಜಿ ಅಳುವಂತಾದರು. ಪಾತ್ರೆ ಮುಚ್ಚಿಯೇ ಇತ್ತು. ರಾತ್ರಿ ಹತ್ತಕ್ಕೆ ಚೆನ್ನಾಗಿ ಬಿಸಿ ಮಾಡಿ ತಿಂದೆವು. ನಡುರಾತ್ರಿಯ ಹೊತ್ತಿಗೆ ಆರು ಜನರಿಗೆ ವಾಂತಿ. ನನ್ನ ತಂಗಿಯ ನಾಲ್ಕು ವರ್ಷದ ಮಗು ಬಾಯಿ ಒಣಗಿ, ಮೂತ್ರವೂ ಹೋಗದೆ ನಿಸ್ತೇಜವಾಯಿತು. ಎರಡು ದಿನ ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿಸಿದೆವು. ತಾನೇ ತಡೆದದ್ದೆಂದು ಅಜ್ಜಿ ಆ ಎರಡು ದಿನ ಸರಿಯಾಗಿ ಉಣ್ಣಲಿಲ್ಲ.

“ಅಷ್ಟು ಬಿಸಿ ಮಾಡಿದ್ದೆವಲ್ಲ!” ಎಂದು ನೀವೂ ಕೇಳಬಹುದು, ನಾವೂ ಡಾಕ್ಟರನ್ನು ಅದನ್ನೇ ಕೇಳಿದೆವು. ಅನ್ನದಲ್ಲಿ ಬ್ಯಾಸಿಲಸ್ ಸಿರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಇರುವುದು ಸಾಮಾನ್ಯ, ಅವು ಬೇಯಿಸಿದರೂ ಸಾಯುವುದಿಲ್ಲ. ಅನ್ನ ಬೆಚ್ಚಗೆ ಕೂತಿದ್ದರೆ ಅವು ಮೊಳೆತು, ಬೆಳೆದು ವಿಷ ಬಿಡುತ್ತವೆ. ಆ ವಿಷವನ್ನು ಮತ್ತೆ ಕುದಿಸಿ ತೆಗೆಯಲಾಗದು. ವಾಸನೆ, ರುಚಿ ಕೆಟ್ಟಿರಬೇಕೆಂದೂ ಇಲ್ಲ. ದೊಡ್ಡ ಪಾತ್ರೆಯನ್ನು ಮುಚ್ಚಿಟ್ಟರೆ ನಡುಭಾಗ ಗಂಟೆಗಟ್ಟಲೆ ಬೆಚ್ಚಗೇ ಇರುತ್ತದೆ, ಅದು ಅವುಗಳಿಗೆ ತೊಟ್ಟಿಲು.

ಆದ್ದರಿಂದ ಬೇಯಿಸಿದ ಅನ್ನ, ಮಾಂಸವನ್ನು ಹೊರಗೆ ಎರಡು ಗಂಟೆಗಿಂತ ಹೆಚ್ಚು ಇಡಬೇಡಿ. ಉಳಿಯುತ್ತದೆ ಎಂದು ಕಂಡ ಕೂಡಲೇ ಅಗಲವಾದ ತಟ್ಟೆಗಳಲ್ಲಿ ತೆಳ್ಳಗೆ ಹರಡಿ ಆರಿಸಿ, ಫ್ರಿಜ್ಜಿಗೆ ಹಾಕಿ. ಮರುದಿನ ಒಮ್ಮೆ ಮಾತ್ರ, ಹಬೆ ಏಳುವಷ್ಟು ಬಿಸಿ ಮಾಡಿ ಮುಗಿಸಿ. ರಂಝಾನಿನಲ್ಲಿ ಇಫ್ತಾರಿನ ಅಡುಗೆಯನ್ನು ಸಹ್ರಿಗೆಂದು ಕಟ್ಟೆಯ ಮೇಲೆ ಬಿಡುವ ರೂಢಿ ಬಹಳ ಮನೆಗಳಲ್ಲಿದೆ, ಅಲ್ಲೂ ಇದೇ ಲೆಕ್ಕ. ಹಂಚುವುದಾದರೆ ಬಿಸಿ ಇರುವಾಗಲೇ ಹಂಚಿ. ಎಂಟು ಗಂಟೆ ಕೂತದ್ದನ್ನು ಬಡವರಿಗೆಂದು ಕಳಿಸುವವರನ್ನೂ ಕಂಡಿದ್ದೇನೆ, ಅದಕ್ಕೆ ದಾನವೆಂದು ಹೆಸರಿಡಬಾರದು. ವಾಂತಿಭೇದಿ ಶುರುವಾದರೆ ಓಆರ್‌ಎಸ್ ಪೊಟ್ಟಣವನ್ನು ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಬೆರೆಸಿ ಗುಟುಕು ಗುಟುಕಾಗಿ ಕೊಡಿ. ಮಗು ಕುಡಿಯದಿದ್ದರೆ, ಮೂತ್ರ ಕಡಿಮೆಯಾದರೆ, ಮಂಕಾದರೆ ಬೆಳಗಿನವರೆಗೆ ಕಾಯಬೇಡಿ.

ಮಗು ಮನೆಗೆ ಬಂದ ಸಂಜೆ ಅಜ್ಜಿ ನನ್ನನ್ನು ಕರೆದು ಒಂದೇ ಮಾತು ಕೇಳಿದರು: “ಎರಡು ಗಂಟೆ ಅಂದರೆ ಯಾವಾಗಿಂದ?” ಒಲೆಯಿಂದ ಇಳಿಸಿದಲ್ಲಿಂದ ಎಂದೆ. ಅಕ್ಷರ ಬಾರದ ಅವರು ಅಂದಿನಿಂದ ಮೊಮ್ಮಕ್ಕಳ ಕೈಯಲ್ಲಿ ಕ್ಯಾಲೆಂಡರಿನ ಮೂಲೆಯಲ್ಲಿ ಪೆನ್ಸಿಲಿನಿಂದ ಹೊತ್ತು ಬರೆಸುತ್ತಿದ್ದರು. ಅನ್ನ ಮಾಡುವಾಗ ಪಾವಿನಲ್ಲಿ ತಲೆ ಎಣಿಸಿ ಅಳೆಯುವುದನ್ನೂ ಶುರುಮಾಡಿದರು, ರೇಶನ್ ಕಾಲದಲ್ಲಿ ಅವರ ಉಮ್ಮ ಅಳೆಯುತ್ತಿದ್ದ ಹಾಗೆ. ಅಜ್ಜಿ ಈಗಿಲ್ಲ. ಆ ಪಾವು ಅಕ್ಕಿ ಡಬ್ಬದಲ್ಲೇ ಇದೆ.