ಸಮುದಾಯ ಬಾನುಲಿ: ಕೇಳುವ ರೈತ ಹೇಳುವ ರೈತನಾಗಲಿ

ಹದ ಬಂದಾಗ ಹರಗಬೇಕು, ಬೆದೆ ಬಂದಾಗ ಬಿತ್ತಬೇಕು ಎಂಬುದು ಹಿರಿಯರ ಅನುಭವದ ಮಾತು. ಬೇಸಾಯದ ಮಾಹಿತಿಗೂ ಹೀಗೆಯೇ ಒಂದು ಹದವುಂಟು. ಶೇಂಗಾ ಬೆಳೆಗೆ ಜಿಪ್ಸಂ ಕೊಡಬೇಕಾದುದು ಹೂವಾಡಿ, ಹೀಚು ಮಣ್ಣಿಗೆ ಇಳಿಯುವ ಕಾಲದಲ್ಲಿ. ಆ ವಿಷಯ ಕಾಯಿ ಬಲಿತ ಮೇಲೆ ತಿಳಿದರೆ ಪ್ರಯೋಜನವಿಲ್ಲ. ತೊಗರಿಯ ಕಾಯಿಕೊರಕವನ್ನು ಮೊಟ್ಟೆ ಮತ್ತು ಎಳೆಯ ಮರಿಹುಳುವಿನ ಹಂತದಲ್ಲೇ ಗುರುತಿಸಬೇಕು. ಹುಳು ಕಾಯಿಯೊಳಗೆ ತಲೆ ಹಾಕಿದ ಮೇಲೆ ಸಿಂಪಡಣೆಗೆ ಮಾಡಿದ ವೆಚ್ಚದಲ್ಲಿ ಹೆಚ್ಚಿನ ಪಾಲು ವ್ಯರ್ಥವಾಗುತ್ತದೆ. ಸರಿಯಾದ ಮಾತು ಸರಿಯಾದ ದಿನದಂದು ಹೊಲದವರೆಗೆ ತಲುಪಬೇಕು ಎಂಬುದೇ ವಿಸ್ತರಣಾ ಕಾರ್ಯದ ತಿರುಳು.

ಈ ಕೆಲಸವನ್ನು ಆಕಾಶವಾಣಿಯು ದಶಕಗಳಿಂದ ಮಾಡುತ್ತ ಬಂದಿದೆ. ಆದರೆ ಒಂದು ದೊಡ್ಡ ಕೇಂದ್ರವು ಹಲವು ಜಿಲ್ಲೆಗಳಿಗೆ ಒಟ್ಟಾಗಿ ಮಾತನಾಡಬೇಕಾಗುತ್ತದೆ. ಅದರ ವ್ಯಾಪ್ತಿಯ ಒಂದು ಮೂಲೆಯಲ್ಲಿ ಎರೆಭೂಮಿ, ಇನ್ನೊಂದು ಮೂಲೆಯಲ್ಲಿ ಕೆಂಪು ಮಸಾರಿ. ಒಂದು ಹೋಬಳಿಯಲ್ಲಿ ಹದವಾದ ಮಳೆ, ಪಕ್ಕದ ಹೋಬಳಿಯಲ್ಲಿ ಬರೀ ಮೋಡ. ಈ ಅಂತರವನ್ನು ತುಂಬಲು ಹುಟ್ಟಿದ ವ್ಯವಸ್ಥೆಯೇ ಸಮುದಾಯ ಬಾನುಲಿ. ಆದರೆ ಕೇಂದ್ರ ತೆರೆದ ಮಾತ್ರಕ್ಕೆ ಅಂತರ ತುಂಬುವುದಿಲ್ಲ. ಅದರಲ್ಲಿ ಸುತ್ತಲಿನ ಹಳ್ಳಿಗಳ ಜನರು ಎಷ್ಟು ಕೈಜೋಡಿಸುತ್ತಾರೆ ಎಂಬುದರ ಮೇಲೆ ಅದರ ಉಪಯೋಗ ನಿಂತಿದೆ.

ಬೆಳೆದು ಬಂದ ಬಗೆ

ಸ್ವತಂತ್ರವಾದ ಸ್ಥಳೀಯ ಬಾನುಲಿಯು ಕನ್ನಡ ನಾಡಿಗೆ ಹೊಸದೇನಲ್ಲ. ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿಯೇ ಒಂದು ಪುಟ್ಟ ಟ್ರಾನ್ಸ್‌ಮಿಟರ್ ಇಟ್ಟು ಪ್ರಸಾರವನ್ನು ಆರಂಭಿಸಿದರು. ಅವರ ಆ ಕೇಂದ್ರದ ಹೆಸರು 'ಆಕಾಶವಾಣಿ'. ಇಡೀ ದೇಶದ ಬಾನುಲಿ ಸಂಸ್ಥೆ ಮುಂದೆ ಅದೇ ಹೆಸರಿನಿಂದ ಪ್ರಸಿದ್ಧವಾಯಿತು.

ರೈತರು ಗುಂಪಾಗಿ ಕುಳಿತು ಕೇಳುವ ಪದ್ಧತಿಗೂ ಹಳೆಯ ಇತಿಹಾಸವಿದೆ. ಕೆನಡಾ ದೇಶದಲ್ಲಿ 1941ರಲ್ಲಿ ರೈತರ ಬಾನುಲಿ ಕೂಟಗಳು ಆರಂಭವಾದವು. ಓದು, ಕೇಳು, ಚರ್ಚಿಸು, ಕಾರ್ಯಕ್ಕೆ ಇಳಿ ಎಂಬುದು ಅವುಗಳ ಧ್ಯೇಯವಾಗಿತ್ತು. ಇದೇ ಮಾದರಿಯಲ್ಲಿ 1956ರಲ್ಲಿ ಯುನೆಸ್ಕೋ ನೆರವಿನಿಂದ ಪುಣೆ ಆಕಾಶವಾಣಿಯ ವ್ಯಾಪ್ತಿಯ ಸುಮಾರು 150 ಹಳ್ಳಿಗಳಲ್ಲಿ ಪ್ರಯೋಗ ನಡೆಯಿತು. ವಾರಕ್ಕೆರಡು ಬಾರಿಯಂತೆ ಹತ್ತು ವಾರ ಕಾಲ ರೈತರು ಒಟ್ಟಿಗೆ ಕುಳಿತು ಕೇಳಿ, ಚರ್ಚಿಸಿ, ತಮ್ಮ ಪ್ರಶ್ನೆಗಳನ್ನು ಕೇಂದ್ರಕ್ಕೆ ಕಳುಹಿಸಿದರು. ಒಬ್ಬೊಬ್ಬರೇ ಕೇಳುವುದಕ್ಕಿಂತ ಕೂಡಿ ಕೇಳಿ ಚರ್ಚಿಸಿದರೆ ವಿಷಯ ಮನಸ್ಸಿಗೆ ನಾಟುತ್ತದೆ ಎಂಬುದು ಅದರಿಂದ ಸ್ಪಷ್ಟವಾಯಿತು.

ಆದರೂ ಬಾನುಲಿ ಕೇಂದ್ರ ನಡೆಸುವ ಅಧಿಕಾರ ಬಹುಕಾಲ ಸರಕಾರದ ಕೈಯಲ್ಲೇ ಇತ್ತು. ಪ್ರಸಾರದ ತರಂಗಗಳು ಸಾರ್ವಜನಿಕರ ಆಸ್ತಿ ಎಂದು ಸರ್ವೋಚ್ಚ ನ್ಯಾಯಾಲಯವು 1995ರ ಫೆಬ್ರವರಿಯಲ್ಲಿ ತೀರ್ಪಿತ್ತಿತು. 2002ರ ಕೊನೆಯಲ್ಲಿ ವಿದ್ಯಾಸಂಸ್ಥೆಗಳಿಗೆ ಅವಕಾಶ ದೊರೆತು, 2004ರಲ್ಲಿ ಚೆನ್ನೈನ ಅಣ್ಣಾ ವಿಶ್ವವಿದ್ಯಾನಿಲಯದ ಕೇಂದ್ರ ಆರಂಭವಾಯಿತು. 2006ರ ನವೆಂಬರಿನ ಹೊಸ ನೀತಿಯಲ್ಲಿ ಸ್ವಯಂಸೇವಾ ಸಂಸ್ಥೆಗಳು, ಕೃಷಿ ವಿಶ್ವವಿದ್ಯಾನಿಲಯಗಳು ಮತ್ತು ಕೃಷಿ ವಿಜ್ಞಾನ ಕೇಂದ್ರಗಳಿಗೂ ಬಾಗಿಲು ತೆರೆಯಿತು. ಧಾರವಾಡದ ಕೃಷಿ ವಿಶ್ವವಿದ್ಯಾನಿಲಯದಲ್ಲಿ 2007ರಲ್ಲಿ ಕೃಷಿ ಸಮುದಾಯ ಬಾನುಲಿ ಆರಂಭವಾಯಿತು.

ಇದಕ್ಕೂ ಮೊದಲೇ ಕೋಲಾರ ಜಿಲ್ಲೆಯ ಬೂದಿಕೋಟೆಯ ಜನರು ಇನ್ನೊಂದು ದಾರಿ ಹಿಡಿದಿದ್ದರು. ಹಳ್ಳಿಗಳಿಗೆ ಇನ್ನೂ ಪ್ರಸಾರದ ಅನುಮತಿ ಇಲ್ಲದ ಆ ಕಾಲದಲ್ಲಿ ಅವರ 'ನಮ್ಮ ಧ್ವನಿ' ಕೇಂದ್ರದ ಕಾರ್ಯಕ್ರಮಗಳು ಟಿ.ವಿ. ಕೇಬಲ್ ತಂತಿಯ ಮೂಲಕ ಮನೆಮನೆಗೆ ತಲುಪುತ್ತಿದ್ದವು.

ಸಮುದಾಯ ಬಾನುಲಿ ಎಂದರೇನು?

ಲಾಭದ ಉದ್ದೇಶವಿಲ್ಲದ ಸಂಸ್ಥೆಯೊಂದು ಒಂದು ನಿರ್ದಿಷ್ಟ ಪ್ರದೇಶದ ಜನರಿಗಾಗಿ, ಅವರ ಸಹಭಾಗಿತ್ವದಲ್ಲಿ ನಡೆಸುವ ಸಣ್ಣ ಬಾನುಲಿ ಕೇಂದ್ರವೇ ಸಮುದಾಯ ಬಾನುಲಿ. ವ್ಯಕ್ತಿಗಳಿಗಾಗಲಿ, ರಾಜಕೀಯ ಪಕ್ಷಗಳಿಗಾಗಲಿ, ವ್ಯಾಪಾರಿ ಸಂಸ್ಥೆಗಳಿಗಾಗಲಿ ಇದರ ಅನುಮತಿ ದೊರೆಯುವುದಿಲ್ಲ.

ಇದರ ಯಂತ್ರ ಸಾಮಾನ್ಯವಾಗಿ 50 ವ್ಯಾಟ್ ಶಕ್ತಿಯದು. ಆಂಟೆನಾದಿಂದ ಹೊರಹೊಮ್ಮುವ ಪ್ರಸಾರ ಶಕ್ತಿಯನ್ನು 100 ವ್ಯಾಟ್‌ಗೆ ಮತ್ತು ಕಂಬದ ಎತ್ತರವನ್ನು 30 ಮೀಟರಿಗೆ ಸಾಮಾನ್ಯವಾಗಿ ಮಿತಿಗೊಳಿಸಲಾಗಿದೆ. ಎಫ್.ಎಂ. ತರಂಗಗಳು ಬಹುಮಟ್ಟಿಗೆ ನೇರವಾಗಿ ಸಾಗುವುದರಿಂದ ಗುಡ್ಡ ಅಡ್ಡ ಬಂದರೆ ಅದರ ಹಿಂದಿನ ಹಳ್ಳಿಗೆ ಸರಿಯಾಗಿ ಕೇಳಿಸುವುದಿಲ್ಲ. ಬಯಲು ಸೀಮೆಯಲ್ಲಿ ಸುತ್ತ 10 ಕಿಲೋಮೀಟರು ತಲುಪಿತೆಂದರೂ 314 ಚದರ ಕಿಲೋಮೀಟರು ಪ್ರದೇಶವಾಗುತ್ತದೆ. ಅಷ್ಟರೊಳಗಿನ ಮಣ್ಣು, ಮಳೆ, ಬೆಳೆ, ಸಂತೆ ಹೆಚ್ಚುಕಡಿಮೆ ಒಂದೇ ಬಗೆಯವು. ಆದ್ದರಿಂದ ವ್ಯಾಪ್ತಿ ಚಿಕ್ಕದಾಗಿರುವುದು ಇಲ್ಲಿ ಕೊರತೆಯಲ್ಲ, ಗುಣ. "ನಿನ್ನೆ ಈ ಐದು ಊರುಗಳಲ್ಲಿ ಹದವಾದ ಮಳೆಯಾಗಿದೆ. ಬಿತ್ತುವವರು ಮೊದಲು ಬೀಜೋಪಚಾರ ಮಾಡಿಕೊಳ್ಳಿ" ಎಂದು ಊರಿನ ಹೆಸರು ಹಿಡಿದು ಹೇಳಲು ಇಂಥ ಕೇಂದ್ರಕ್ಕೆ ಸಾಧ್ಯ.

ಸ್ವಂತ ಸುದ್ದಿಗಳನ್ನು ಪ್ರಸಾರ ಮಾಡಲು ಈ ಕೇಂದ್ರಗಳಿಗೆ ಅನುಮತಿಯಿಲ್ಲ. ಆಕಾಶವಾಣಿಯ ಸುದ್ದಿಯನ್ನು ಇದ್ದಂತೆಯೇ ಮರುಪ್ರಸಾರ ಮಾಡಬಹುದು. ಹವಾಮಾನ, ಜಾತ್ರೆ, ಊರಿನ ಆಟೋಟ, ವಿದ್ಯುತ್ ಮತ್ತು ನೀರಿನ ಪೂರೈಕೆ ಮುಂತಾದ ಸ್ಥಳೀಯ ಮಾಹಿತಿಗೆ ಅಡ್ಡಿಯಿಲ್ಲ.

ಮೂರು ಗಂಟೆಗಳ ಲೆಕ್ಕ

ನಿಯಮದ ಪ್ರಕಾರ ಕಾರ್ಯಕ್ರಮಗಳಲ್ಲಿ ಕನಿಷ್ಠ ಅರ್ಧದಷ್ಟು ಸ್ಥಳೀಯವಾಗಿಯೇ ತಯಾರಾಗಬೇಕು. ಕೇಂದ್ರವೊಂದು ದಿನಕ್ಕೆ 6 ಗಂಟೆ ಪ್ರಸಾರ ಮಾಡುತ್ತದೆ ಎಂದಿಟ್ಟುಕೊಳ್ಳೋಣ. ಅದರಲ್ಲಿ 3 ಗಂಟೆ ಸ್ಥಳೀಯ. ತಿಂಗಳಿಗೆ 90 ಗಂಟೆ, ಅಂದರೆ ಅರ್ಧ ಗಂಟೆಯ 180 ಕಾರ್ಯಕ್ರಮಗಳು. ಒಂದೊಂದನ್ನೂ ಯೋಚಿಸಿ, ಹಳ್ಳಿಗೆ ಹೋಗಿ ಧ್ವನಿಮುದ್ರಿಸಿ, ಬೇಡವಾದುದನ್ನು ತೆಗೆದು ಸಿದ್ಧಪಡಿಸಲು ಹಲವು ತಾಸುಗಳ ದುಡಿಮೆ ಬೇಕು. ಮೂವರು ನಾಲ್ವರು ಸಿಬ್ಬಂದಿಯಿಂದ ಇದು ಆಗದ ಮಾತು. ಆಗ ಕೇಂದ್ರವು ಸುಲಭದ ದಾರಿ ಹಿಡಿದು ಸಿದ್ಧ ಹಾಡುಗಳನ್ನು ಹಾಕುತ್ತದೆ. ಕಳೆದ ವರ್ಷದ ಭಾಷಣವನ್ನು ಮತ್ತೆ ಬಿತ್ತರಿಸುತ್ತದೆ. ಮೆಲ್ಲನೆ ಕೇಳುಗರು ದೂರವಾಗುತ್ತಾರೆ.

ಅದೇ ಲೆಕ್ಕವನ್ನು ಇನ್ನೊಂದು ಬದಿಯಿಂದ ನೋಡಬಹುದು. ವ್ಯಾಪ್ತಿಯಲ್ಲಿ 60 ಹಳ್ಳಿಗಳಿದ್ದರೆ ಪ್ರತಿ ಹಳ್ಳಿಯ ಪಾಲಿಗೆ ಬರುವುದು ತಿಂಗಳಿಗೆ ಮೂರು ಕಾರ್ಯಕ್ರಮ ಮಾತ್ರ. ಒಂದು ಬೇಸಾಯದ್ದು, ಒಂದು ಹೆಣ್ಣುಮಕ್ಕಳದು, ಒಂದು ಹಾಡು ಅಥವಾ ಶಾಲಾ ಮಕ್ಕಳದು. ಯಾವ ಊರಿಗೂ ಇದು ಹೊರೆಯಲ್ಲ. ಹನಿ ಹನಿ ಕೂಡಿದರೆ ಹಳ್ಳ ಎಂಬ ಗಾದೆ ಇಲ್ಲಿ ಅಕ್ಷರಶಃ ಸರಿಹೊಂದುತ್ತದೆ.

ಪಸ್ತಾಪುರದ ಪಾಠ

ಬೀದರ್ ಗಡಿಗೆ ಸಮೀಪದ ಜಹೀರಾಬಾದ್ ಸೀಮೆಯ ಪಸ್ತಾಪುರವು ಈಗ ತೆಲಂಗಾಣದ ಸಂಗಾರೆಡ್ಡಿ ಜಿಲ್ಲೆಯಲ್ಲಿದೆ. ಅಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಆಶ್ರಯದಲ್ಲಿ ಹಳ್ಳಿಯ ಮಹಿಳೆಯರು ಸಂಘಗಳನ್ನು ಕಟ್ಟಿಕೊಂಡಿದ್ದಾರೆ. ಹೆಚ್ಚಿನವರು ದಲಿತ ಕುಟುಂಬಗಳ ಸಣ್ಣ ಹಿಡುವಳಿದಾರರು. ಜೋಳ, ನವಣೆ, ಸಜ್ಜೆ, ತೊಗರಿ ಮುಂತಾದ ಮಳೆಯಾಶ್ರಿತ ಬೆಳೆಗಳ ನಾಟಿ ಬೀಜಗಳನ್ನು ಮನೆಯಲ್ಲೇ ಕಾಪಾಡಿಕೊಂಡು ಬಂದವರು.

1990ರ ದಶಕದ ಕೊನೆಯಲ್ಲಿ ಯುನೆಸ್ಕೋ ನೆರವಿನಿಂದ ಅವರಿಗೆ ಒಂದು ಧ್ವನಿಮುದ್ರಣ ಕೇಂದ್ರ ಒದಗಿತು. ಆದರೆ ಪ್ರಸಾರ ಮಾಡಲು ಅನುಮತಿಯಿರಲಿಲ್ಲ. ಅದಕ್ಕಾಗಿ ಅವರು ಸುಮ್ಮನೆ ಕುಳಿತುಕೊಳ್ಳಲಿಲ್ಲ. ಸುಮಾರು ಹತ್ತು ವರ್ಷ ಕಾಲ ಬೀಜ, ಮಣ್ಣು, ಅಡಿಗೆ, ಮನೆಮದ್ದು, ಹಬ್ಬದ ಹಾಡು ಎಲ್ಲವನ್ನೂ ಮುದ್ರಿಸಿಕೊಂಡು, ಕ್ಯಾಸೆಟ್‌ಗಳನ್ನು ಸಂಘದ ಸಭೆಗಳಲ್ಲಿ ಕೇಳಿಸುತ್ತ ಬಂದರು. ಕೊನೆಗೆ 2008ರ ಅಕ್ಟೋಬರ್ 15ರಂದು 'ಸಂಘಂ ರೇಡಿಯೋ' 90.4 ಮೆಗಾಹರ್ಟ್ಸ್‌ನಲ್ಲಿ ಆರಂಭವಾಯಿತು. ಸ್ವಯಂಸೇವಾ ಸಂಸ್ಥೆಗೆ ದೊರೆತ ಅನುಮತಿಯಡಿ ದೇಶದಲ್ಲಿ ಮೊದಲು ಪ್ರಸಾರ ಆರಂಭಿಸಿದ ಹಳ್ಳಿಯ ಕೇಂದ್ರವಿದು. ಯಂತ್ರ ನಡೆಸಲು ಕಲಿತವರೂ ಧ್ವನಿಮುದ್ರಿಸಿದವರೂ ಆ ಹಳ್ಳಿಗಳ ಮಹಿಳೆಯರೇ.

ಇದರಿಂದ ಕಲಿಯಬೇಕಾದ ಅಂಶ ಒಂದೇ. ಅಲ್ಲಿ ದನಿ ಮೊದಲು ಬಂತು, ಟ್ರಾನ್ಸ್‌ಮಿಟರ್ ಆಮೇಲೆ ಬಂತು. ಪ್ರಸಾರ ಶುರುವಾದ ದಿನ ಹೇಳುವುದಕ್ಕೇನಿದೆ ಎಂದು ಯಾರೂ ತಡಕಾಡಬೇಕಾಗಲಿಲ್ಲ. ಮೊದಲು ಕಟ್ಟಡ, ಕಂಬ, ಯಂತ್ರ ನಿಲ್ಲಿಸಿ ಆಮೇಲೆ ಮಾತನಾಡುವವರನ್ನು ಹುಡುಕುವ ಕೇಂದ್ರವು, ಬೀಜವಿಲ್ಲದೆ ಹೊಲ ಹದ ಮಾಡಿಟ್ಟ ರೈತನಂತೆ ಕೈಕಟ್ಟಿ ಕೂರಬೇಕಾಗುತ್ತದೆ.

ರೈತರು ಭಾಗವಹಿಸುವ ಬಗೆ

1. ಕೇಳುಗರ ಕೂಟ: ಪ್ರತಿ ಊರಿನಲ್ಲಿ 10ರಿಂದ 15 ಮಂದಿಯ ಕೂಟ ಕಟ್ಟಬೇಕು. ವಾರಕ್ಕೊಮ್ಮೆ ಒಟ್ಟಿಗೆ ಕೇಳಿ, ಅರ್ಧ ಗಂಟೆ ಚರ್ಚಿಸಿ, ಪ್ರಶ್ನೆಗಳನ್ನು ಬರೆದಿಡಬೇಕು. ಹೆಣ್ಣುಮಕ್ಕಳಿಗೆ ಅನುಕೂಲವಾದ ಹೊತ್ತನ್ನು ಅವರನ್ನೇ ಕೇಳಿ ಗೊತ್ತುಮಾಡುವುದು ಸೂಕ್ತ.

2. ಊರ ಪ್ರತಿನಿಧಿ: ಕೂಟದಿಂದ ಒಬ್ಬ ಯುವಕ ಮತ್ತು ಒಬ್ಬ ಯುವತಿಯನ್ನು ಆರಿಸಿ ಕೇಂದ್ರದಲ್ಲಿ ತರಬೇತಿ ಕೊಡಿಸಬೇಕು. ಈಗ ಧ್ವನಿಮುದ್ರಣಕ್ಕೆ ಸಾಮಾನ್ಯ ಮೊಬೈಲ್ ಫೋನೇ ಸಾಕು.

3. ಮಳೆ ಮತ್ತು ಕೀಟದ ವರದಿ: ಊರಿನ ಮಳೆಮಾಪಕದ ಅಳತೆ, ಹೊಲದಲ್ಲಿ ಕಂಡ ಹುಳು ಅಥವಾ ರೋಗದ ಲಕ್ಷಣ ಇವುಗಳನ್ನು ಅಂದಂದೇ ಕೇಂದ್ರಕ್ಕೆ ತಿಳಿಸಬೇಕು. ಒಂದು ಊರಿನ ವರದಿ ಪಕ್ಕದ ಹತ್ತು ಊರುಗಳಿಗೆ ಮುನ್ನೆಚ್ಚರಿಕೆಯಾಗುತ್ತದೆ.

4. ಕೊಡು-ಕೊಳ್ಳುವ ಪ್ರಕಟಣೆ: ಯಾರಲ್ಲಿ ನಾಟಿ ಬೀಜವಿದೆ, ಯಾರಿಗೆ ಎತ್ತಿನ ಜೋಡಿ ಬೇಕು, ಯಾವ ಊರಿನಲ್ಲಿ ರಾಸುಗಳ ಲಸಿಕೆ ಶಿಬಿರವಿದೆ ಎಂಬ ವಿಷಯಗಳನ್ನು ಜನ ಕಿವಿಗೊಟ್ಟು ಕೇಳುತ್ತಾರೆ.

5. ಸೋಲಿನ ಕಥೆ: ಹೆಚ್ಚು ಇಳುವರಿ ಪಡೆದವರನ್ನು ಮಾತ್ರ ಮಾತನಾಡಿಸುವುದು ವಾಡಿಕೆ. ಬೆಳೆ ಕೆಟ್ಟವರು ಅದು ಏಕೆ ಕೆಟ್ಟಿತು ಎಂದು ಬಿಚ್ಚಿ ಹೇಳಿದರೆ ಕೇಳುವವರಿಗೆ ಅಷ್ಟೇ ಲಾಭವುಂಟು.

ಧ್ವನಿಮುದ್ರಣದ ಮುಖ್ಯ ಅಂಶಗಳು

ಗಾಳಿ ಮತ್ತು ಪಂಪ್‌ಸೆಟ್ಟಿನ ಸದ್ದಿನಿಂದ ದೂರವಿರುವ ಜಾಗವನ್ನು ಆರಿಸಬೇಕು. ಫೋನನ್ನು ಬಾಯಿಗೆ ಒಂದು ಗೇಣಿನಷ್ಟು ದೂರದಲ್ಲಿ ಹಿಡಿಯಬೇಕು. ಹೌದು, ಅಲ್ಲ ಎಂದು ಮುಗಿದುಹೋಗುವ ಪ್ರಶ್ನೆ ಕೇಳಬಾರದು. "ಬೀಜೋಪಚಾರ ಮಾಡಿದಿರಾ?" ಎನ್ನುವ ಬದಲು "ಬೀಜೋಪಚಾರ ಹೇಗೆ ಮಾಡಿದಿರಿ?" ಎಂದು ಕೇಳಿದರೆ ವಿಷಯ ಹೊರಬರುತ್ತದೆ. ಮಾತನಾಡುವವರು ತಮ್ಮ ಸೀಮೆಯ ಆಡುಮಾತಿನಲ್ಲೇ ಹೇಳಲಿ. ಅದನ್ನು ಪುಸ್ತಕದ ಭಾಷೆಗೆ ತಿದ್ದುವ ಅಗತ್ಯವಿಲ್ಲ.

ತಪ್ಪು ಮಾಹಿತಿಯ ಅಪಾಯ

ಬಾನುಲಿಯಲ್ಲಿ ಹೇಳಿದ ಮಾತನ್ನು ಹಿಂದೆ ತೆಗೆದುಕೊಳ್ಳಲಾಗದು. ಔಷಧಿಯ ಪ್ರಮಾಣ ಹೇಳುವಾಗ "2 ಮಿಲಿಲೀಟರ್" ಎಂದು ಮಾತ್ರ ಹೇಳಿ ಬಿಟ್ಟರೆ ಒಬ್ಬರು ಅದನ್ನು ಲೀಟರಿಗೆಂದೂ ಇನ್ನೊಬ್ಬರು ಪಂಪಿಗೆಂದೂ ತಿಳಿಯಬಹುದು. "ಒಂದು ಲೀಟರ್ ನೀರಿಗೆ 2 ಮಿಲಿಲೀಟರ್, 15 ಲೀಟರಿನ ಒಂದು ಪಂಪಿಗೆ 30 ಮಿಲಿಲೀಟರ್" ಎಂದು ಎರಡು ರೀತಿಯಲ್ಲಿ, ಎರಡು ಬಾರಿ ಹೇಳಬೇಕು. ರೈತರ ಅನುಭವವನ್ನು ಅನುಭವವೆಂದೂ ಶಿಫಾರಸನ್ನು ಶಿಫಾರಸೆಂದೂ ಬೇರೆಬೇರೆಯಾಗಿ ತಿಳಿಸಬೇಕು. ರಾಸಾಯನಿಕಗಳ ಹೆಸರು ಮತ್ತು ಪ್ರಮಾಣವುಳ್ಳ ಯಾವ ಕಾರ್ಯಕ್ರಮವನ್ನೂ ಕೃಷಿ ವಿಜ್ಞಾನ ಕೇಂದ್ರದ ತಜ್ಞರಿಗೆ ಕೇಳಿಸದೆ ಬಿತ್ತರಿಸಬಾರದು. ತಪ್ಪಾದರೆ ಮರುದಿನವೇ ಅದೇ ಹೊತ್ತಿಗೆ ತಿದ್ದುಪಡಿ ಹೇಳಬೇಕು.

ನಡೆಸುವ ಹೊಣೆ

ವಿದ್ಯುತ್ತು, ದುರಸ್ತಿ, ಸಿಬ್ಬಂದಿಯ ಸಂಬಳ ಇವು ತಪ್ಪದ ಖರ್ಚುಗಳು. ಆರಂಭದ ಅನುದಾನ ಮುಗಿದ ಮೇಲೆ ಕೇಂದ್ರ ಮೂಕವಾಗುವ ಭಯ ಯಾವಾಗಲೂ ಇರುತ್ತದೆ. 2024ರ ಪರಿಷ್ಕೃತ ನಿಯಮಗಳಲ್ಲಿ ಗಂಟೆಗೆ 12 ನಿಮಿಷದವರೆಗೆ ಜಾಹೀರಾತಿಗೆ ಅವಕಾಶವಿದೆ. ಸಲಹೆ ಮತ್ತು ಕಾರ್ಯಕ್ರಮ ಸಮಿತಿಯಲ್ಲಿ ಕನಿಷ್ಠ ಅರ್ಧದಷ್ಟು ಮಹಿಳೆಯರಿರಬೇಕೆಂದೂ ಹೇಳಲಾಗಿದೆ. ಆದರೆ ಜಾಹೀರಾತನ್ನೇ ನಂಬಿದರೆ ಔಷಧಿ ಮಾರುವವರ ದನಿಯೇ ದೊಡ್ಡದಾಗುವ ಸಂಭವವಿದೆ. ಹಾಲು ಉತ್ಪಾದಕರ ಸಂಘ, ಸಹಕಾರ ಸಂಘ ಹಾಗೂ ಸ್ವಸಹಾಯ ಸಂಘಗಳು ವರ್ಷಕ್ಕೆ ಅಲ್ಪ ಮೊತ್ತವನ್ನಾದರೂ ಕೊಟ್ಟು, ಸಮಿತಿಯಲ್ಲಿ ತಮ್ಮವರನ್ನು ಕೂರಿಸಿ, ಲೆಕ್ಕಪತ್ರವನ್ನು ಕೇಳುವುದು ಮೇಲು. ಕೊಟ್ಟವರು ಕೇಳುತ್ತಾರೆ. ಕೇಳುವವರಿದ್ದಾಗ ಕೇಂದ್ರ ಎಚ್ಚರದಿಂದಿರುತ್ತದೆ.

ಕೃಷಿ ವಿಸ್ತರಣೆಯಲ್ಲಿ ಮಾತು ಬಹುಕಾಲ ಒಂದೇ ದಿಕ್ಕಿಗೆ, ಸಂಸ್ಥೆಯಿಂದ ಹೊಲಕ್ಕೆ, ಹರಿದಿದೆ. ಹೊಲದಿಂದ ಸಂಸ್ಥೆಗೆ ಹರಿಯುವ ಕಾಲುವೆಯೂ ಅಷ್ಟೇ ಅಗತ್ಯ. ತಮ್ಮ ಊರಿಗೆ ಸಮುದಾಯ ಬಾನುಲಿ ಕೇಳಿಸುತ್ತಿದ್ದರೆ ರೈತ ಬಾಂಧವರು ಮತ್ತು ರೈತ ಮಹಿಳೆಯರು ಈ ಹಂಗಾಮಿನಲ್ಲೇ ಒಂದು ಕೂಟ ಕಟ್ಟಿ, ಒಂದು ಪ್ರಶ್ನೆಯನ್ನಾದರೂ ತಮ್ಮ ದನಿಯಲ್ಲಿ ಮುದ್ರಿಸಿ ಕಳುಹಿಸಲಿ. ಇನ್ನೂ ಕೇಂದ್ರವಿಲ್ಲದ ಕಡೆ ಪಸ್ತಾಪುರದವರಂತೆ ದನಿಯನ್ನು ಕೂಡಿಡುವ ಕೆಲಸವನ್ನು ಇಂದಿನಿಂದಲೇ ಆರಂಭಿಸಬಹುದು. ಅದಕ್ಕೆ ಯಾರ ಅನುಮತಿಯೂ ಬೇಕಿಲ್ಲ.